ಅಪ್ಪನ ಗಾಯ ತುಂಬುತ್ತಿಲ್ಲ, ನನ್ನ ಮೊಣಕೈ ಚರ್ಮ ಬೆಳೆಯುವುದು ನಿಲ್ಲುತ್ತಿಲ್ಲ: ಎರಡಕ್ಕೂ ಗ್ರೋತ್ ಫ್ಯಾಕ್ಟರೇ ಕಾರಣವೇ?

ಪ್ರಶ್ನೆ: ನಾವು ಗದಗಿನವರು. ನಮ್ಮ ತಂದೆಯವರಿಗೆ 63 ವರ್ಷ, ಭಾಳ ವರ್ಷದಿಂದ ಶುಗರ್ ಐತಿ. ಬಲಗಾಲಿನ ಹೆಬ್ಬೆರಳಿನ ಬುಡಕ್ಕ, ಅಂಗಾಲಿನಾಗ ಎರಡು ತಿಂಗಳಿಂದ ಗಾಯ ಆಗೇತಿ, ತುಂಬವಲ್ದು. ಹುಬ್ಬಳ್ಳಿ ಡಾಕ್ಟರು ಇಜಿಎಫ್ ಜೆಲ್ ಬರದು ಕೊಟ್ಟಾರ. ನನಗ ಮೊಣಕೈ ಮ್ಯಾಲೆ ಸೋರಿಯಾಸಿಸ್ ಐತಿ. ಅದರಾಗ ಚರ್ಮದ ಕೋಶ ಅತಿಯಾಗಿ ಬೆಳೀತಾವು, ಗ್ರೋತ್ ಫ್ಯಾಕ್ಟರ್ ಜಾಸ್ತಿ ಇರ್ತೈತಿ ಅಂತ ಓದೀನಿ. ಹಂಗಾದ್ರ ಅದೇ ವಸ್ತು ಅಪ್ಪಾರಿಗೆ ಔಷಧ ಹೆಂಗಾತು? ಅದರಿಂದ ಕ್ಯಾನ್ಸರ್ ಬರೂದಿಲ್ಲೇನು? ಮೊದಲ ಮನ್ಯಾಗ ಕುಸುಬಿ ಎಣ್ಣಿ ಇರ್ತಿತ್ತು, ಈಗ ಪಾಮ್ ಎಣ್ಣಿ ಬಂದೈತಿ. ಎಣ್ಣಿಯೊಳಗಿನ ಕೊಬ್ಬಿನಾಮ್ಲಕ್ಕೂ ಇದಕ್ಕೂ ಸಂಬಂಧ ಐತೇನು? ಮೊಬೈಲಿನಾಗ ಇಜಿಎಫ್ ಸೀರಮ್ ಅಂತ ಜಾಹೀರಾತು ಬರ್ತಾವು, ತರಸಬಹುದೇನು?

ಉತ್ತರ: ಹೌದು, ಎರಡೂ ಕಡೆ ಕೆಲಸ ಮಾಡುವುದು ಒಂದೇ ಬಗೆಯ ಸಂಕೇತ: ಗ್ರೋತ್ ಫ್ಯಾಕ್ಟರ್, ಅಂದರೆ ಕೋಶಕ್ಕೆ ಬೆಳವಣಿಗೆಯ ಸುದ್ದಿ ಮುಟ್ಟಿಸುವ ಪ್ರೋಟೀನ್. ತಂದೆಯವರ ಗಾಯದಲ್ಲಿ ಅದು ಕೋಶವನ್ನು ಮುಟ್ಟುವ ಮೊದಲೇ ಚೂರಾಗಿ ಹೋಗುತ್ತಿದೆ. ನಿಮ್ಮ ಮೊಣಕೈಯಲ್ಲಿ 'ಸಾಕು' ಎನ್ನುವ ಸಂಕೇತ ಬಾರದೆ 'ಬೆಳೆ' ಎನ್ನುವ ಸಂಕೇತವೇ ಮುಂದುವರಿದಿದೆ. ಆದ್ದರಿಂದ ಅವರಿಗೆ ಬರೆದ ಜೆಲ್ ತಪ್ಪಲ್ಲ; ನೀವು ಮಾತ್ರ ಅದನ್ನು ಮೊಣಕೈಗೆ ಹಚ್ಚಿಕೊಳ್ಳಬಾರದು. ಕೊಬ್ಬಿನಾಮ್ಲದ ಕಿಣ್ವಗಳು ಈ ಎರಡು ಕಥೆಯಲ್ಲೂ ನಡುವೆ ಕೂತಿವೆ. ಅವು ಬೆಳವಣಿಗೆಯ ಸಂಕೇತವನ್ನು ದೊಡ್ಡದು ಮಾಡುತ್ತವೆ, ಅದನ್ನು ಕೊನೆಗೊಳಿಸುವ ಪದರವನ್ನು ಕಟ್ಟುವುದೂ ಅವೇ.

ಮೊದಲು ಚರ್ಮದ ಲೆಕ್ಕ. ಮೇಲ್ಚರ್ಮದ ದಪ್ಪ ದೇಹದ ಬಹುತೇಕ ಕಡೆ ಸುಮಾರು 0.1 ಮಿ.ಮೀ. ಮಾತ್ರ. ಅದರ ತಳದ ಸಾಲಿನಲ್ಲಿರುವ ಕೆರಟಿನೊಸೈಟ್ ಎಂಬ ಕೋಶಗಳಷ್ಟೇ ಮುಖ್ಯವಾಗಿ ವಿಭಜನೆ ಆಗುತ್ತವೆ. ಹುಟ್ಟಿದ ಕೋಶ ಮೇಲೇರುತ್ತ, ಚಪ್ಪಟೆಯಾಗಿ, ಸತ್ತು, ಕೊನೆಗೆ ಹೊಟ್ಟಿನಂತೆ ಉದುರಲು ಆರೋಗ್ಯವಂತರಲ್ಲಿ 4ರಿಂದ 6 ವಾರ ಬೇಕು. ಸೋರಿಯಾಸಿಸ್ ಕಲೆಯಲ್ಲಿ ಇದೇ ಪಯಣ ಒಂದು ವಾರದೊಳಗೆ ಮುಗಿಯುತ್ತದೆ. ಕೋಶ ಪಕ್ವವಾಗುವ ಮೊದಲೇ ಮೇಲೆ ಬಂದು ಬಿಡುವುದರಿಂದ ಬೆಳ್ಳಿ ಬಣ್ಣದ ಹೊಟ್ಟು ಕಾಣುತ್ತದೆ.

ಈ ವಿಭಜನೆಗೆ ಚಾಲನೆ ಕೊಡುವ ಸಂಕೇತಗಳಲ್ಲಿ ಹೆಸರಾದದ್ದು ಇಜಿಎಫ್, ಎಪಿಡರ್ಮಲ್ ಗ್ರೋತ್ ಫ್ಯಾಕ್ಟರ್. 53 ಅಮೈನೊ ಆಮ್ಲಗಳ ಪುಟ್ಟ ಪ್ರೋಟೀನ್. ಇಲಿಮರಿಗಳಿಗೆ ಜೊಲ್ಲುಗ್ರಂಥಿಯ ಸಾರ ಚುಚ್ಚಿದಾಗ ಅವುಗಳ ಕಣ್ಣು ಕೆಲವು ದಿನ ಮೊದಲೇ ತೆರೆದವು. ಆ ಜಾಡು ಹಿಡಿದು ಸ್ಟ್ಯಾನ್ಲಿ ಕೊಹೆನ್ ಇದನ್ನು ಕಂಡುಹಿಡಿದರು. 1986ರಲ್ಲಿ ರೀಟಾ ಲೆವಿ-ಮೊಂಟಾಲ್ಚಿನಿ ಅವರ ಜೊತೆ ನೊಬೆಲ್ ಬಂತು. ಇಜಿಎಫ್‌ಗೆ ಬಳಗ ದೊಡ್ಡದು. ಟಿಜಿಎಫ್-ಆಲ್ಫಾ, ಆಂಫಿರೆಗ್ಯುಲಿನ್, ಎಚ್‌ಬಿ-ಇಜಿಎಫ್ ಎಲ್ಲವೂ ಕೋಶದ ಮೇಲಿನ ಒಂದೇ ಗ್ರಾಹಕಕ್ಕೆ (ಸಂಕೇತವನ್ನು ಹಿಡಿಯುವ ಪ್ರೋಟೀನ್), ಅಂದರೆ ಇಜಿಎಫ್‌ಆರ್‌ಗೆ, ಅಂಟುತ್ತವೆ. ಸೋರಿಯಾಸಿಸ್ ಕಲೆಯಲ್ಲಿ ಹೆಚ್ಚಾಗಿ ಕಾಣುವುದು ಟಿಜಿಎಫ್-ಆಲ್ಫಾ ಮತ್ತು ಆಂಫಿರೆಗ್ಯುಲಿನ್. ಇವುಗಳ ಹೊರತಾಗಿ ಒಳಚರ್ಮದ ಫೈಬ್ರೊಬ್ಲಾಸ್ಟ್ ಕೋಶಗಳು ಕೆಜಿಎಫ್ ಎಂಬ ಗ್ರೋತ್ ಫ್ಯಾಕ್ಟರನ್ನು ತಯಾರಿಸಿ ಮೇಲಿನ ಕೆರಟಿನೊಸೈಟ್‌ಗಳಿಗೆ ಕಳಿಸುತ್ತವೆ. ಟಿಜಿಎಫ್-ಬೀಟಾ ಹೆಸರಿನಲ್ಲಿ ಮಾತ್ರ ಆಲ್ಫಾದ ನೆಂಟ. ಕೆರಟಿನೊಸೈಟ್ ವಿಭಜನೆಯನ್ನು ಅದು ತಡೆಯುತ್ತದೆ. ಎಲ್ಲ 'ಗ್ರೋತ್ ಫ್ಯಾಕ್ಟರ್'ಗಳೂ ಎಲ್ಲ ಕೋಶಗಳನ್ನೂ ಬೆಳೆಸುತ್ತವೆ ಎಂದು ತಿಳಿಯಬೇಡಿ.

ಒಂದು ಸಣ್ಣ ತರಚು ಗಾಯದಲ್ಲಿ ಏನಾಗುತ್ತದೆ ನೋಡೋಣ. ಪೆಟ್ಟು ಬಿದ್ದ ಕೆಲವೇ ನಿಮಿಷಗಳಲ್ಲಿ ಅಂಚಿನ ಕೋಶಗಳ ಮೇಲೆ ಕಟ್ಟಿಹಾಕಿದಂತಿರುವ ಎಚ್‌ಬಿ-ಇಜಿಎಫ್ ಅನ್ನು ಎಡಿಎಎಂ-17 ಎಂಬ ಕಿಣ್ವ ಕತ್ತರಿಸಿ ಬಿಡುಗಡೆ ಮಾಡುತ್ತದೆ. ಅದು ಗ್ರಾಹಕಕ್ಕೆ ಅಂಟಿದಾಗ ಎರಡು ಗ್ರಾಹಕಗಳು ಜೋಡಿಯಾಗಿ ಒಂದರ ಬಾಲಕ್ಕೆ ಇನ್ನೊಂದು ಫಾಸ್ಫೇಟ್ ಅಂಟಿಸುತ್ತವೆ. ಸುದ್ದಿ ರಾಸ್, ರಾಫ್, ಎಂಇಕೆ ಎಂಬ ಪ್ರೋಟೀನ್‌ಗಳನ್ನು ದಾಟಿ ಇಆರ್‌ಕೆ ಎಂಬ ಕಿಣ್ವಕ್ಕೆ ತಲುಪುತ್ತದೆ. ಇಆರ್‌ಕೆ ಎರಡು ಕೆಲಸ ಮಾಡುತ್ತದೆ. ಒಂದು, ಕೋಶಕೇಂದ್ರಕ್ಕೆ ಹೋಗಿ ಸೈಕ್ಲಿನ್-ಡಿ1 ಎಂಬ ಪ್ರೋಟೀನಿನ ತಯಾರಿ ಶುರು ಮಾಡಿಸಿ ಕೋಶವನ್ನು ವಿಭಜನೆಯ ಹಾದಿಗೆ ಹಚ್ಚುತ್ತದೆ. ಎರಡನೆಯದು ನೀವು ಕೇಳಿದ ಕೊಬ್ಬಿನಾಮ್ಲದ ಕಡೆಗೆ ಹೋಗುತ್ತದೆ: ಅದು ಫಾಸ್ಫೊಲಿಪೇಸ್-ಎ2 ಕಿಣ್ವಕ್ಕೆ ಫಾಸ್ಫೇಟ್ ಅಂಟಿಸಿ ಎಚ್ಚರಿಸುತ್ತದೆ.

ಎಚ್ಚರಗೊಂಡ ಫಾಸ್ಫೊಲಿಪೇಸ್-ಎ2 ಕೋಶದ ಪೊರೆಯಿಂದ ಅರಾಕಿಡೋನಿಕ್ ಆಮ್ಲವನ್ನು ಬಿಡಿಸುತ್ತದೆ. 20 ಇಂಗಾಲದ ಈ ಕೊಬ್ಬಿನಾಮ್ಲಕ್ಕೆ ಅಲ್ಲಿಂದ ಎರಡು ದಾರಿ. ಕಾಕ್ಸ್ ಕಿಣ್ವದ ಕಡೆ ಹೋದರೆ ಪ್ರೋಸ್ಟಗ್ಲಾಂಡಿನ್-ಇ2 ಎಂಬ ಸಂಕೇತದ ಅಣು. ಲೈಪಾಕ್ಸಿಜಿನೇಸ್ ಎಂಬ ಕಿಣ್ವದ ಕಡೆ ಹೋದರೆ ಲ್ಯೂಕೋಟ್ರೈನ್-ಬಿ4, 12-ಹೀಟೆ ಮುಂತಾದ ಅಣುಗಳು. ಪ್ರೋಸ್ಟಗ್ಲಾಂಡಿನ್-ಇ2 ಕೋಶದಿಂದ ಹೊರಬಿದ್ದು ತನ್ನದೇ ಗ್ರಾಹಕಗಳ ಮೂಲಕ ಮತ್ತೆ ಇಜಿಎಫ್‌ಆರ್ ಅನ್ನು ಚುರುಕು ಮಾಡುತ್ತದೆ. ಇಜಿಎಫ್‌ಆರ್ ಚುರುಕಾದಷ್ಟೂ ಕಾಕ್ಸ್-2 ಹೆಚ್ಚು ತಯಾರಾಗುತ್ತದೆ. ಹೀಗೆ ಎರಡೂ ಒಂದನ್ನೊಂದು ಮೇಲಕ್ಕೆ ಎತ್ತುತ್ತವೆ. ಗಾಯ ಬೇಗ ಮುಚ್ಚಲು ಈ ಸುತ್ತು ಬೇಕೇಬೇಕು. ಬಿಸಿಲಿನ ಯುವಿಬಿ ಕಿರಣ ಇದೇ ಸುತ್ತನ್ನು ಹೊತ್ತಿಸುವುದರಿಂದಲೇ ಬಿಸಿಲಿಗೆ ಒಡ್ಡಿದ ಚರ್ಮ ಕೆಲ ದಿನಗಳಲ್ಲಿ ದಪ್ಪಗಾಗುತ್ತದೆ.

ಸುತ್ತು ನಿಲ್ಲುವುದು ಹೇಗೆ? 15-ಪಿಜಿಡಿಎಚ್ ಎಂಬ ಕಿಣ್ವ ಪ್ರೋಸ್ಟಗ್ಲಾಂಡಿನ್ ಅನ್ನು ಒಡೆದು ಹಾಕುತ್ತದೆ. ಬಳಕೆಯಾದ ಗ್ರಾಹಕವನ್ನು ಕೋಶ ಒಳಗೆಳೆದು ಕರಗಿಸುತ್ತದೆ. ಕುಸುಬಿಯಂಥ ಎಣ್ಣೆಗಳಲ್ಲಿ ಹೆಚ್ಚಿರುವ ಲಿನೊಲೆಯಿಕ್ ಎಂಬ ಕೊಬ್ಬಿನಾಮ್ಲದ ಮೇಲೆ 15-ಲೈಪಾಕ್ಸಿಜಿನೇಸ್ ಕೆಲಸ ಮಾಡಿದಾಗ ಹುಟ್ಟುವ 13-ಹೋಡೆ ಎಂಬ ಅಣು ವಿಭಜನೆಯನ್ನು ತಗ್ಗಿಸುತ್ತದೆ. ಕೋಶ ಮೇಲೇರಿದಂತೆ ಸುತ್ತಲಿನ ಕ್ಯಾಲ್ಸಿಯಂ ಹೆಚ್ಚುತ್ತ ಹೋಗಿ 'ವಿಭಜನೆ ಬಿಡು, ಪಕ್ವವಾಗು' ಎನ್ನುತ್ತದೆ. ಪ್ರಯೋಗಾಲಯದಲ್ಲಿ ಇದು ಕಣ್ಣಿಗೇ ಕಾಣುತ್ತದೆ. ರೈನ್‌ವಾಲ್ಡ್ ಮತ್ತು ಗ್ರೀನ್ 1975ರಲ್ಲಿ ಮನುಷ್ಯರ ಕೆರಟಿನೊಸೈಟ್‌ಗಳನ್ನು ತಟ್ಟೆಯಲ್ಲಿ ಬೆಳೆಸುವ ವಿಧಾನ ಕಂಡುಕೊಂಡರು. 1977ರಲ್ಲಿ ಅದಕ್ಕೆ ಇಜಿಎಫ್ ಸೇರಿಸಿದಾಗ ಕೋಶಗಳು ಹೆಚ್ಚು ಕಾಲ ವಿಭಜನೆ ಮಾಡಿದವು. ಆದರೆ ಇಂದು ಬಳಸುವ, ರಕ್ತದ ಸೀರಮ್ ಬೆರೆಸದ ದ್ರವದಲ್ಲಿ ಕ್ಯಾಲ್ಸಿಯಂ 0.1 ಮಿಲಿಮೋಲಾರ್‌ಗಿಂತ ಕಡಿಮೆ ಇದ್ದರೆ ಮಾತ್ರ ಅವು ಬೆಳೆಯುತ್ತವೆ. 1 ಮಿಲಿಮೋಲಾರ್ ದಾಟಿಸಿದರೆ ಇಜಿಎಫ್ ಇದ್ದರೂ ಒಂದಕ್ಕೊಂದು ಅಂಟಿ, ಚಪ್ಪಟೆಯಾಗಿ, ಪಕ್ವವಾಗಲು ಶುರು ಮಾಡುತ್ತವೆ. ಗ್ರೋತ್ ಫ್ಯಾಕ್ಟರ್ ಒಂದೇ ಎಲ್ಲವನ್ನೂ ತೀರ್ಮಾನಿಸುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ತಡೆ ಎಂದರೆ ಮೇಲಿನ ಪದರ ಪೂರ್ತಿಯಾಗುವುದು. ಚರ್ಮದ ಅತಿ ಹೊರಗಿನ 10-20 ಮೈಕ್ರಾನ್ ದಪ್ಪದ ಕೊಂಬುಪದರದಲ್ಲಿ ಸತ್ತ ಕೋಶಗಳ ಸಂದಿಯಲ್ಲಿ ಸೆರಮೈಡ್ ಎಂಬ ಕೊಬ್ಬು, ಕೊಲೆಸ್ಟರಾಲ್ ಮತ್ತು ಕೊಬ್ಬಿನಾಮ್ಲ ಹೆಚ್ಚುಕಡಿಮೆ ಸಮ ಅಣುಸಂಖ್ಯೆಯಲ್ಲಿ ತುಂಬಿರುತ್ತವೆ. ನೀರು ಹೊರಗೆ ಆವಿಯಾಗದಂತೆ ಹಿಡಿಯುವುದು ಇದೇ. ಈ ಪದರ ಹರಿದರೆ ಕೆಳಗಿನ ಕೋಶಗಳು ಅಸಿಟೈಲ್-ಕೋಎ ಕಾರ್ಬಾಕ್ಸಿಲೇಸ್, ಫ್ಯಾಟಿ ಆಸಿಡ್ ಸಿಂಥೇಸ್ ಮುಂತಾದ ಕಿಣ್ವಗಳನ್ನು ಹೆಚ್ಚಿಸಿ ಕೊಬ್ಬು ತಯಾರಿಸತೊಡಗುತ್ತವೆ, ಜೊತೆಗೆ ತಳದಲ್ಲಿ ವಿಭಜನೆಯೂ ಏರುತ್ತದೆ. ನೀರು ಹೋಗದಂತೆ ಮೇಲೆ ಕೃತಕ ಪೊರೆ ಮುಚ್ಚಿದರೆ ಕೊಬ್ಬಿನ ತಯಾರಿ ಏರುವುದಿಲ್ಲ, ವಿಭಜನೆಯೂ ಭಾಗಶಃ ಇಳಿಯುತ್ತದೆ. ಅಂದರೆ ಪದರ ಹರಿದಿರುವುದೇ ಬೆಳವಣಿಗೆಗೆ ಒಂದು ಕರೆ. ಸೋರಿಯಾಸಿಸ್ ಇರುವವರು ಹೊಟ್ಟನ್ನು ಕಿತ್ತು ತಿಕ್ಕಿದಷ್ಟೂ ಅದು ಹೆಚ್ಚುವುದಕ್ಕೆ ಇದೂ ಒಂದು ಕಾರಣ.

ಈಗ ತಂದೆಯವರ ಗಾಯ

ಎರಡು ತಿಂಗಳಾದರೂ ಮುಚ್ಚದ ಶುಗರ್ ಗಾಯದಲ್ಲಿ ಗ್ರೋತ್ ಫ್ಯಾಕ್ಟರ್ ಇಲ್ಲವೆಂದಲ್ಲ. ಉರಿಯೂತದ ಕೋಶಗಳು ಸುರಿಸುವ ಎಲಾಸ್ಟೇಸ್ ಮತ್ತು ಎಂಎಂಪಿ ಎಂಬ ಪ್ರೋಟೀನ್ ಕತ್ತರಿಸುವ ಕಿಣ್ವಗಳು ಗಾಯದ ರಸದಲ್ಲಿ ವಿಪರೀತ ಇರುತ್ತವೆ. ಅವು ಗ್ರೋತ್ ಫ್ಯಾಕ್ಟರನ್ನೂ ಅದರ ಗ್ರಾಹಕವನ್ನೂ ಕತ್ತರಿಸಿ ಹಾಕುತ್ತವೆ. ಸತ್ತ ಮಾಂಸ ಮತ್ತು ಅದರಲ್ಲಿ ಪಾಚಿಯಂತೆ ಕೂತ ಬ್ಯಾಕ್ಟೀರಿಯಾ ಪದರ ಈ ಉರಿಯೂತವನ್ನು ಆರಲು ಬಿಡುವುದಿಲ್ಲ. ಅಂಚಿನಲ್ಲಿ ಗಟ್ಟಿಯಾದ ಆಣಿ ಕಟ್ಟಿದ್ದರೆ ಅಲ್ಲಿನ ಕೋಶಗಳು ಮುಂದೆ ಸರಿಯುವುದೂ ಇಲ್ಲ. ಇದರ ಮೇಲೆ ನಡೆದಾಗಲೆಲ್ಲ ಹೆಬ್ಬೆರಳ ಬುಡದ ಎಲುಬು ಅದೇ ಜಾಗವನ್ನು ಒತ್ತುತ್ತದೆ. ನರ ಸತ್ತಿರುವುದರಿಂದ ಅವರಿಗೆ ನೋವೇ ಗೊತ್ತಾಗುವುದಿಲ್ಲ. ಇದಿಷ್ಟನ್ನೂ ಹಾಗೇ ಬಿಟ್ಟು ಜೆಲ್ ಹಚ್ಚುವುದು ಒಡ್ಡು ಒಡೆದ ಹೊಲಕ್ಕೆ ಗೊಬ್ಬರ ಹಾಕಿದಂತೆ.

ಆದ್ದರಿಂದ ಜೆಲ್ ಟ್ಯೂಬ್ ತೆರೆಯುವ ಮೊದಲು ಡಾಕ್ಟರನ್ನು ಇವಿಷ್ಟು ಕೇಳಿ. ಕಾಲಿನ ರಕ್ತಸಂಚಾರ ಪರೀಕ್ಷೆ ಆಗಿದೆಯೇ? ಪಾದ ಮತ್ತು ತೋಳಿನ ರಕ್ತದೊತ್ತಡದ ಅನುಪಾತ 0.9ಕ್ಕಿಂತ ಕಡಿಮೆ ಇದ್ದರೆ ರಕ್ತನಾಳ ಕಟ್ಟಿದೆ ಎಂದರ್ಥ. ಶುಗರ್ ಇರುವವರಲ್ಲಿ ರಕ್ತನಾಳ ಸುಣ್ಣಗಟ್ಟಿ ಈ ಅಂಕಿ ಸುಳ್ಳಾಗಿ 1.3ಕ್ಕಿಂತ ಮೇಲೆ ಬರುವುದುಂಟು, ಆಗ ಕಾಲ್ಬೆರಳಿನ ರಕ್ತದೊತ್ತಡ ನೋಡಬೇಕು. ಎರಡನೆಯದು, ಗಾಯದೊಳಗೆ ಸಲಾಕೆ ಹಾಕಿದಾಗ ಎಲುಬು ತಾಗುತ್ತದೆಯೇ, ಎಕ್ಸ್‌ರೇ ಆಗಿದೆಯೇ? ಎಲುಬಿಗೆ ಸೋಂಕು ಇಳಿದಿದ್ದರೆ ಮೇಲಿನಿಂದ ಯಾವ ಜೆಲ್ ಹಚ್ಚಿದರೂ ಅದು ಒಳಗೆ ಕುದಿಯುತ್ತಲೇ ಇರುತ್ತದೆ. ಮೂರನೆಯದು, ಅಂಚಿನ ಆಣಿ ಮತ್ತು ಸತ್ತ ಮಾಂಸವನ್ನು ಆಸ್ಪತ್ರೆಯಲ್ಲಿ ತೆಗೆಯುತ್ತಿದ್ದಾರೆಯೇ? ಮನೆಯಲ್ಲಿ ಬ್ಲೇಡ್ ಹಿಡಿಯಬೇಡಿ, ಆಣಿ ಕರಗಿಸುವ ಸ್ಯಾಲಿಸಿಲಿಕ್ ಪಟ್ಟಿಯನ್ನೂ ಶುಗರ್ ಕಾಲಿಗೆ ಅಂಟಿಸಬೇಡಿ.

ಭಾರ ತಪ್ಪಿಸುವುದೇ ಹೆಚ್ಚಿನ ಮನೆಗಳಲ್ಲಿ ಸೋಲುವ ಕೆಲಸ. ಅಂಗಾಲಿನ ಈ ಜಾಗದ ಗಾಯಕ್ಕೆ ಮೊಣಕಾಲಿನ ಕೆಳಗಿನವರೆಗೆ ಹಾಕುವ ವಿಶೇಷ ಪ್ಲಾಸ್ಟರ್, ಅಥವಾ ಬಿಚ್ಚಲು ಬಾರದಂತೆ ಕಟ್ಟಿದ ಬೂಟು ಚೆನ್ನಾಗಿ ಕೆಲಸ ಮಾಡುತ್ತದೆ. ರಕ್ತಸಂಚಾರ ಕಡಿಮೆ ಇದ್ದರೆ ಅಥವಾ ಸೋಂಕು ಜೋರಿದ್ದರೆ ಅದನ್ನು ಹಾಕಲಾಗದು, ಅದಕ್ಕೇ ಮೇಲಿನ ಪರೀಕ್ಷೆಗಳು ಮೊದಲು. ಬಿಚ್ಚಬಹುದಾದ ಬೂಟು ಕೊಟ್ಟರೆ ಜನ ಮನೆಯೊಳಗೆ ಬಿಚ್ಚಿಡುತ್ತಾರೆ. ಪಡಸಾಲೆಯಿಂದ ಬಚ್ಚಲಿಗೆ ಹತ್ತು ಸಲ ಬರಿಗಾಲಲ್ಲಿ ಓಡಾಡಿದರೆ ದಿನವಿಡೀ ಬೂಟು ಹಾಕಿದ ಲಾಭ ಹೋಯಿತು. ಗುಡಿಗೆ ಹೋಗಲೇಬೇಕೆಂದರೆ ಬೆಳಿಗ್ಗೆ ಬೇಗ, ದಪ್ಪ ಹತ್ತಿಯ ಕಾಲುಚೀಲ ಹಾಕಿಸಿ, ನಾಲ್ಕೇ ಹೆಜ್ಜೆ ನಡೆಯುವಂತೆ ನೋಡಿಕೊಳ್ಳಿ. ಬೇಸಿಗೆ ಮಧ್ಯಾಹ್ನ ಕಾದ ಕಲ್ಲುಹಾಸಿನ ಮೇಲೆ ನಿಂತು ಗೊತ್ತಾಗದೆ ಬೊಬ್ಬೆ ಎಬ್ಬಿಸಿಕೊಳ್ಳುವವರು ಶುಗರ್ ಇರುವವರೇ.

ಇನ್ನು ಜೆಲ್. ಇಜಿಎಫ್ ಪ್ರೋಟೀನ್ ಆದ್ದರಿಂದ ಬಿಸಿಗೆ ಕೆಡುತ್ತದೆ. ಪೆಟ್ಟಿಗೆಯ ಮೇಲೆ 2-8 ಡಿಗ್ರಿ ಎಂದಿದ್ದರೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿ; ಫ್ರೀಜರಿನಲ್ಲಿ ಹೆಪ್ಪುಗಟ್ಟಿದರೂ ಅದು ಹಾಳೇ. ಏಪ್ರಿಲಿನಲ್ಲಿ ಹುಬ್ಬಳ್ಳಿಯಿಂದ ಗದಗಿಗೆ ಬಸ್ಸಿನಲ್ಲಿ ತರುವಾಗ ಥರ್ಮೊಕೋಲ್ ಡಬ್ಬಿಯಲ್ಲಿ ಐಸ್ ಜೆಲ್ ಪೊಟ್ಟಣ ಇಟ್ಟು, ನಡುವೆ ಬಟ್ಟೆ ಸುತ್ತಿ ತನ್ನಿ, ಟ್ಯೂಬ್ ನೇರವಾಗಿ ಐಸಿಗೆ ತಾಗಬಾರದು. ಹಚ್ಚುವಾಗ ಮೊದಲು ಕೈ ತೊಳೆದು, 0.9% ಸಲೈನ್‌ನಿಂದ ಗಾಯ ತೊಳೆದು, ಗಾಜ್‌ನಿಂದ ಒತ್ತಿ ಒರೆಸಿ, ತಿಕ್ಕಬೇಡಿ. ಗಾಯದ ತಳ ಮುಚ್ಚುವಷ್ಟು ತೆಳುವಾಗಿ ಹರಡಿ, ಟ್ಯೂಬಿನ ಬಾಯಿ ಗಾಯಕ್ಕೆ ತಾಗದಿರಲಿ. ದಪ್ಪಗೆ ಮೆತ್ತಿದರೆ ಬೇಗ ತುಂಬುವುದಿಲ್ಲ, ಗ್ರಾಹಕಗಳು ಒಂದು ಮಿತಿಯ ಆಚೆಗೆ ಸಂಕೇತ ತೆಗೆದುಕೊಳ್ಳುವುದಿಲ್ಲ. ದಿನಕ್ಕೆ ಎಷ್ಟು ಸಲ ಎಂಬುದು ಚೀಟಿಯಲ್ಲಿ ಇದ್ದಂತೆ. ಪೊವಿಡೋನ್ ಅಯೋಡಿನ್, ಹೈಡ್ರೊಜನ್ ಪೆರಾಕ್ಸೈಡ್, ಸ್ಪಿರಿಟ್ ಇವನ್ನು ಜೆಲ್ ಜೊತೆ ಹಚ್ಚಬೇಡಿ: ಪ್ರೋಟೀನೂ ಕೆಡುತ್ತದೆ, ಆಗತಾನೆ ಹುಟ್ಟಿದ ಕೋಶಗಳೂ ಸಾಯುತ್ತವೆ. ಅರಿಷಿಣ, ಬೇವಿನ ಎಣ್ಣೆ, ಸುಟ್ಟ ಬೂದಿ ಎಲ್ಲಕ್ಕೂ ಇದೇ ಮಾತು.

ಫಲ ನೋಡಲು ಕಣ್ಣಳತೆ ಸಾಲದು. ವಾರಕ್ಕೊಮ್ಮೆ, ಪಕ್ಕದಲ್ಲಿ ಸ್ಕೇಲ್ ಇಟ್ಟು ಫೋಟೊ ತೆಗೆಯಿರಿ. ಅತಿ ಉದ್ದವಾದ ಅಳತೆಯನ್ನು ಅದಕ್ಕೆ ಅಡ್ಡಲಾದ ಅಗಲದಿಂದ ಗುಣಿಸಿ. ಇಂದು 3 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲ ಇದ್ದರೆ 6. ನಾಲ್ಕು ವಾರದ ಹೊತ್ತಿಗೆ ಅದು 3 ಅಥವಾ ಅದಕ್ಕಿಂತ ಕಡಿಮೆ ಆಗಿರಬೇಕು. ಆಗದಿದ್ದರೆ ಅದೇ ಚಿಕಿತ್ಸೆಯಿಂದ 12 ವಾರದಲ್ಲಿ ಮುಚ್ಚುವ ಸಂಭವ ಕಡಿಮೆ. ಇನ್ನೊಂದು ಟ್ಯೂಬ್ ಕೊಳ್ಳುವ ಬದಲು ರಕ್ತಸಂಚಾರ, ಎಲುಬು, ಭಾರ ಈ ಮೂರನ್ನೂ ಮತ್ತೆ ನೋಡಿಸಿ. ಜ್ವರ, ಗಾಯದ ಸುತ್ತ 2 ಸೆಂ.ಮೀ. ಮೀರಿ ಹಬ್ಬುವ ಕೆಂಪು, ಕೆಟ್ಟ ವಾಸನೆ, ಕಪ್ಪಾಗುವ ಬೆರಳು, ಕಾರಣವಿಲ್ಲದೆ ಏರಿದ ಶುಗರ್, ಇವುಗಳಲ್ಲಿ ಒಂದು ಕಂಡರೂ ಮರುದಿನಕ್ಕೆ ಕಾಯದೆ ಹುಬ್ಬಳ್ಳಿಗೆ ಕರೆದುಕೊಂಡು ಹೋಗಿ.

ಮೈಕೈ ನೋವು ಕಂಡಾಗ ತಂದೆಯವರಿಗೆ ಡೈಕ್ಲೊಫೆನಾಕ್ ನುಂಗಿಸುವ ರೂಢಿ ಇದ್ದರೆ ಬಿಡಿಸಿ. ಅದು ಕಾಕ್ಸ್ ಕಿಣ್ವವನ್ನೇ ತಡೆಯುವ ಔಷಧ. ಮನುಷ್ಯರ ಚರ್ಮದ ಗಾಯವನ್ನು ಅದು ಎಷ್ಟು ನಿಧಾನ ಮಾಡುತ್ತದೆ ಎನ್ನುವುದಕ್ಕಿಂತ, ಬಹಳ ವರ್ಷದ ಶುಗರ್ ಇರುವವರ ಕಿಡ್ನಿಗೆ ಅದು ಮಾಡುವ ಹಾನಿಯೇ ನನಗೆ ದೊಡ್ಡ ಚಿಂತೆ.

ಕ್ಯಾನ್ಸರ್ ಭಯ

ಪ್ರಶ್ನೆ ಸಮಂಜಸವೇ, ಏಕೆಂದರೆ ಇಜಿಎಫ್‌ಆರ್ ಹಲವು ಕ್ಯಾನ್ಸರ್‌ಗಳಲ್ಲಿ ಅತಿಯಾಗಿ ಕೆಲಸ ಮಾಡುತ್ತದೆ. ಇನ್ನೊಂದು ಗ್ರೋತ್ ಫ್ಯಾಕ್ಟರ್ ಆದ ಪಿಡಿಜಿಎಫ್‌ನ ಜೆಲ್ ಅಮೆರಿಕದಲ್ಲಿ 1997ರಲ್ಲಿ ಶುಗರ್ ಗಾಯಕ್ಕೆ ಒಪ್ಪಿಗೆ ಪಡೆಯಿತು. ಮೂರು ಅಥವಾ ಹೆಚ್ಚು ಟ್ಯೂಬ್ ಬಳಸಿದವರಲ್ಲಿ ಕ್ಯಾನ್ಸರ್ ಸಾವು ಹೆಚ್ಚಿರಬಹುದೆಂದು 2008ರಲ್ಲಿ ಅದಕ್ಕೆ ಕಠಿಣ ಎಚ್ಚರಿಕೆ ಅಂಟಿಸಿದರು. ನಂತರದ ಮಾಹಿತಿ ನೋಡಿ 2018ರಲ್ಲಿ ಆ ಎಚ್ಚರಿಕೆಯನ್ನು ತೆಗೆದರು. ಗ್ರೋತ್ ಫ್ಯಾಕ್ಟರ್ ಆಗಲೇ ಅಲ್ಲಿರುವ ಕೋಶಕ್ಕೆ ವಿಭಜನೆಯ ಸಂಕೇತ ಕೊಡುತ್ತದೆ. ಹೊಸದಾಗಿ ಡಿಎನ್‌ಎ ಕೆಡಿಸುವುದಿಲ್ಲ. ಆದರೆ ಆಗಲೇ ಕೆಟ್ಟ ಕೋಶ ಅಲ್ಲಿದ್ದರೆ ಅದಕ್ಕೂ ಅದೇ ಸಂಕೇತ ಸಿಗುತ್ತದೆ. ಹಾಗಾಗಿ ಆ ಜಾಗದಲ್ಲಿ ಕ್ಯಾನ್ಸರ್ ಇದ್ದರೆ ಅಥವಾ ಅನುಮಾನವಿದ್ದರೆ ಹಚ್ಚಬಾರದು. ವರ್ಷಗಟ್ಟಲೆ ಮುಚ್ಚದ ಗಾಯದ ಅಂಚು ಹೂಕೋಸಿನಂತೆ ಉಬ್ಬಿದರೆ, ಮುಟ್ಟಿದರೆ ರಕ್ತ ಬಂದರೆ, ಜೆಲ್ ಬದಿಗಿಟ್ಟು ಅಂಚಿನ ತುಣುಕು ಪರೀಕ್ಷೆಗೆ ಕಳಿಸಬೇಕು.

ಈ ಗ್ರಾಹಕವನ್ನು ಪೂರ್ತಿ ಮುಚ್ಚಿದರೆ ಚರ್ಮ ಏನಾಗುತ್ತದೆ ಎಂಬುದೂ ಗೊತ್ತಿದೆ. ಶ್ವಾಸಕೋಶದ ಕೆಲವು ಕ್ಯಾನ್ಸರ್‌ಗೆ ಕೊಡುವ ಗೆಫಿಟಿನಿಬ್, ಎರ್ಲೊಟಿನಿಬ್ ಮಾತ್ರೆಗಳು ಮಾಡುವುದು ಇದನ್ನೇ. ಒಂದೆರಡು ವಾರದಲ್ಲಿ ಮುಖ, ಎದೆ ಮೇಲೆ ಮೊಡವೆಯಂಥ ಗುಳ್ಳೆ, ಒಣಗಿದ ಚರ್ಮ, ಉಗುರಿನ ಬದಿ ಬಾವು, ಕೆಲವರಿಗೆ ರೆಪ್ಪೆಗೂದಲು ಉದ್ದ. ಬೆಳವಣಿಗೆಯ ಸಂಕೇತ ಕಡಿಮೆಯಾದರೂ ತೊಂದರೆಯೇ.

ನಿಮ್ಮ ಮೊಣಕೈ

ಸೋರಿಯಾಸಿಸ್‌ನಲ್ಲಿ ಮೂಲ ಚಾಲನೆ ಬರುವುದು ರಕ್ಷಣಾ ಕೋಶಗಳ ಐಎಲ್-17, ಐಎಲ್-22, ಟಿಎನ್‌ಎಫ್ ಸಂಕೇತಗಳಿಂದ. ಗ್ರೋತ್ ಫ್ಯಾಕ್ಟರ್ ಮತ್ತು ಕೊಬ್ಬಿನಾಮ್ಲದ ಕಿಣ್ವಗಳು ಅದನ್ನು ಮುಂದಕ್ಕೆ ಒಯ್ಯುತ್ತವೆ. ಆದ್ದರಿಂದಲೇ ಕೇವಲ ಎಣ್ಣೆ ಬದಲಿಸಿ ಇದನ್ನು ನಿಲ್ಲಿಸಲಾಗದು. ಕೆಲಸ ಮಾಡುವುದು, ಉದಾಹರಣೆಗೆ, ಕ್ಯಾಲ್ಸಿಪೊಟ್ರಿಯಾಲ್ ಮುಲಾಮು. ವಿಟಮಿನ್-ಡಿ ಬಗೆಯ ಈ ಔಷಧ ಕೋಶವನ್ನು ವಿಭಜನೆ ಬಿಟ್ಟು ಪಕ್ವವಾಗುವಂತೆ ಮಾಡುತ್ತದೆ. ಗ್ರಾಂಗೆ 50 ಮೈಕ್ರೊಗ್ರಾಂ ಶಕ್ತಿಯದ್ದು, ವಯಸ್ಕರು ವಾರಕ್ಕೆ 100 ಗ್ರಾಂ ಮೀರಬಾರದು. ತೋರುಬೆರಳ ತುದಿಯ ಗೆರೆವರೆಗೆ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ, ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ಹೊಟ್ಟು ಇಳಿಸಲು ಬಳಸುವ ಸ್ಯಾಲಿಸಿಲಿಕ್ ಆಮ್ಲದ ಮುಲಾಮನ್ನು ಇದರ ಜೊತೆ ಬೆರೆಸಬೇಡಿ, ಕ್ಯಾಲ್ಸಿಪೊಟ್ರಿಯಾಲ್ ನಿಷ್ಕ್ರಿಯವಾಗುತ್ತದೆ. 'ಔಷಧ ಹತ್ತಲಿಲ್ಲ' ಎನ್ನುವವರಲ್ಲಿ ಎಷ್ಟೋ ಜನ ಈ ಎರಡನ್ನೂ ಒಟ್ಟಿಗೆ ಹಚ್ಚಿರುತ್ತಾರೆ.

ಮಾತ್ರೆಯ ವಿಷಯದಲ್ಲಿ ಎರಡು ಎಚ್ಚರಿಕೆ. ಮೆಥೊಟ್ರೆಕ್ಸೇಟ್ ಬರೆದಿದ್ದರೆ ಅದು ವಾರಕ್ಕೆ ಒಂದೇ ದಿನ. ತಪ್ಪಿ ದಿನಾ ನುಂಗಿದರೆ ಬಾಯಿ ಹುಣ್ಣಿನಿಂದ ಶುರುವಾಗಿ ರಕ್ತಕಣ ಕುಸಿದು ಜೀವಕ್ಕೇ ಅಪಾಯ. ಯಾವ ದಿನ ಎಂಬುದನ್ನು ಚೀಟಿಯಲ್ಲಿ ಕನ್ನಡದಲ್ಲೇ ಬರೆಸಿಕೊಳ್ಳಿ. ಯಾರೋ ಪೇಟೆಯಲ್ಲಿ ಕೊಟ್ಟ ಸ್ಟೀರಾಯ್ಡ್ ಮಾತ್ರೆ ನುಂಗಿ ಒಮ್ಮೆಲೆ ನಿಲ್ಲಿಸಿದರೆ ಕೀವುಗುಳ್ಳೆಯ ಉಗ್ರ ಸೋರಿಯಾಸಿಸ್ ಏಳಬಹುದು.

ಕುಸುಬಿ ಎಣ್ಣೆಯ ಮಾತು

ಇಲ್ಲಿ ಹೇಳಲು ಸಾಕಷ್ಟಿದೆ. ನಮ್ಮ ಎರೆಭೂಮಿಯ ಹಿಂಗಾರಿ ಬೆಳೆಯಾದ ಕುಸುಬಿಯ ಎಣ್ಣೆಯಲ್ಲಿ ಸುಮಾರು ಮುಕ್ಕಾಲು ಭಾಗ ಲಿನೊಲೆಯಿಕ್ ಆಮ್ಲ. ಅಣ್ಣಿಗೇರಿಯ ಹೆಸರಿನ ಎ-1 ಸಾಂಪ್ರದಾಯಿಕ ತಳಿಗಳಲ್ಲೊಂದು. (ಓಲಿಯಿಕ್ ಎಂಬ ಇನ್ನೊಂದು ಕೊಬ್ಬಿನಾಮ್ಲ ಹೆಚ್ಚಿರುವ ಹೊಸ ತಳಿಗಳ ಎಣ್ಣೆಯೂ ಈಗ ಬರುತ್ತದೆ, ಅದರಲ್ಲಿ ಲಿನೊಲೆಯಿಕ್ ಬಹಳ ಕಡಿಮೆ, ಡಬ್ಬಿ ಓದಿ.) ಗುರೆಳ್ಳು ಎಣ್ಣೆಯಲ್ಲೂ ಲಿನೊಲೆಯಿಕ್ ಹೆಚ್ಚು. ಸೂರ್ಯಕಾಂತಿಯಲ್ಲಿ ಅರ್ಧಕ್ಕಿಂತ ಮೇಲೆ, ಶೇಂಗಾದಲ್ಲಿ ಮೂರನೇ ಒಂದು ಭಾಗದ ಆಸುಪಾಸು ಅಥವಾ ಕಡಿಮೆ, ಪಾಮ್‌ನಲ್ಲಿ ಶೇ. 10ರಷ್ಟು, ಕೊಬ್ಬರಿ ಎಣ್ಣೆಯಲ್ಲಿ ಶೇ. 2ರ ಹತ್ತಿರ.

ಲಿನೊಲೆಯಿಕ್ ಆಮ್ಲವನ್ನು ದೇಹ ತಾನೇ ಮಾಡಲಾರದು. ಬರ್ ದಂಪತಿ 1929ರಲ್ಲಿ ಕೊಬ್ಬೇ ಇಲ್ಲದ ಆಹಾರ ಕೊಟ್ಟ ಇಲಿಗಳಲ್ಲಿ ಚರ್ಮ ಹೊಟ್ಟಾಗಿ, ಬಾಲ ಬಿರಿದದ್ದನ್ನು ತೋರಿಸಿದರು. ಕಾರಣ ಈಗ ಗೊತ್ತು: ಚರ್ಮದ ವಿಶೇಷ ಸೆರಮೈಡ್‌ಗೆ ಲಿನೊಲೆಯಿಕ್ ಸೇರಿಕೊಂಡು, ಅದನ್ನು 12ಆರ್-ಲೈಪಾಕ್ಸಿಜಿನೇಸ್ ಮತ್ತು ಇಎಲ್‌ಒಎಕ್ಸ್-3 ಎಂಬ ಎರಡು ಕಿಣ್ವಗಳು ಬದಲಿಸಿದಾಗ ಮಾತ್ರ ಆ ಪದರ ಕೋಶಕ್ಕೆ ಗಟ್ಟಿಯಾಗಿ ಹಿಡಿಯುತ್ತದೆ. ಈ ಎರಡರಲ್ಲಿ ಒಂದರ ಜೀನ್ ತಂದೆ-ತಾಯಿ ಇಬ್ಬರಿಂದಲೂ ಕೆಟ್ಟು ಬಂದರೆ ಮಗು ಮೈಮೇಲೆ ಅಂಟಿನ ಪೊರೆ ಹೊದ್ದು ಹುಟ್ಟುವುದೂ ಉಂಟು, ಮುಂದೆ ಮೀನಿನ ಹುರುಪೆಯಂಥ ಚರ್ಮವಾಗುತ್ತದೆ. ಸೋದರಸಂಬಂಧದ ಮದುವೆಗಳಿರುವ ನಮ್ಮ ಭಾಗದಲ್ಲಿ ಇದನ್ನು ನೆನಪಿಡಬೇಕು. ಲಿನೊಲೆಯಿಕ್ ಕೊರತೆಯಾದಾಗ ಪದರ ಸೋರುತ್ತದೆ, ಸೋರಿದಾಗ ತಳದಲ್ಲಿ ವಿಭಜನೆ ಏರುತ್ತದೆ. ಮಕ್ಕಳ ಮೊಣಕೈ, ಮೊಣಕಾಲಿನ ಮೇಲೆ ಕಪ್ಪೆಚರ್ಮದಂತೆ ಒರಟು ಗುಳ್ಳೆ ಏಳುವ ಫ್ರೈನೊಡರ್ಮಾಕ್ಕೂ ಈ ಕೊರತೆಗೂ ನಂಟಿದೆ. ವಿಟಮಿನ್-ಎ ಮತ್ತು ಬಿ ಗುಂಪಿನ ಕೊರತೆಯೂ ಜೊತೆಗಿರುತ್ತದೆ.

ಆದರೆ ನಿಮಗೆ ಕೊರತೆ ಇದೆಯೇ? 2000 ಕ್ಯಾಲೊರಿ ಊಟಕ್ಕೆ ಅದರ ಶೇ. 2ರಷ್ಟು ಲಿನೊಲೆಯಿಕ್ ಸಾಕೆಂದರೆ 4.4 ಗ್ರಾಂ ಆಯಿತು. ಒಂದೂಕಾಲು ಟೀ ಚಮಚ ಕುಸುಬಿ ಎಣ್ಣೆಯಲ್ಲಿ ಅಷ್ಟು ಸಿಗುತ್ತದೆ. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಬದನೆಕಾಯಿ ಎಣಗಾಯಿ ಉಣ್ಣುವ ಮನೆಯಲ್ಲಿ ಎಣ್ಣೆ ಪಾಮ್ ಆದರೂ ಈ ಲೆಕ್ಕ ತುಂಬುತ್ತದೆ. ಅದಕ್ಕಿಂತ ಹೆಚ್ಚು ಕುಡಿದರೆ ಚರ್ಮ ಇನ್ನಷ್ಟು ನಯವಾಗುವುದಿಲ್ಲ. ಮೇಲ್ಚರ್ಮದಲ್ಲಿ ಡೆಲ್ಟಾ-6 ಮತ್ತು ಡೆಲ್ಟಾ-5 ಡಿಸ್ಯಾಚುರೇಸ್ ಕಿಣ್ವಗಳು ಕೆಲಸ ಮಾಡದ ಕಾರಣ ಅಲ್ಲಿ ಲಿನೊಲೆಯಿಕ್ ಅರಾಕಿಡೋನಿಕ್ ಆಗಿ ಬದಲಾಗುವುದೂ ಇಲ್ಲ, ಅದು ಯಕೃತ್ತಿನಿಂದ ರಕ್ತದಲ್ಲಿ ಬರುತ್ತದೆ. ಈ ಕಿಣ್ವವನ್ನು ದಾಟಿಸುವ ಲೆಕ್ಕಾಚಾರದಲ್ಲಿ ಮಾರುವ ಈವ್ನಿಂಗ್ ಪ್ರಿಮ್‌ರೋಸ್ ಕ್ಯಾಪ್ಸೂಲ್ ಎಕ್ಸಿಮಾದಲ್ಲಿ ಔಷಧವಿಲ್ಲದ ಸುಳ್ಳು ಮಾತ್ರೆಗಿಂತ ಮೇಲಲ್ಲ ಎಂದು, ಹಲವು ಅಧ್ಯಯನಗಳನ್ನು ಒಟ್ಟಿಗೆ ನೋಡಿದ 2013ರ ಕೊಕ್ರೇನ್ ಪರಿಶೀಲನೆ ಹೇಳಿತು. ಮೀನೆಣ್ಣೆ ಸೋರಿಯಾಸಿಸ್‌ಗೆ ಎಂಬುದರಲ್ಲೂ ಫಲಿತಾಂಶ ಒಂದೇ ಥರ ಬಂದಿಲ್ಲ; ನಾನಾದರೆ ಅದಕ್ಕೆ ದುಡ್ಡು ಹಾಕುವುದಿಲ್ಲ.

ಹೊರಗಿನಿಂದ ಹಚ್ಚುವುದು ಬೇರೆ ಮಾತು. ಸೂರ್ಯಕಾಂತಿ ಎಣ್ಣೆಯನ್ನು ಚರ್ಮಕ್ಕೆ ಹಚ್ಚಿಯೇ ಲಿನೊಲೆಯಿಕ್ ಕೊರತೆಯ ಚರ್ಮವನ್ನು ಸರಿಪಡಿಸಿದ ವರದಿ 1970ರ ದಶಕದಿಂದಲೂ ಇದೆ. ಆಲಿವ್ ಎಣ್ಣೆ ಮಾತ್ರ, ಓಲಿಯಿಕ್ ಜಾಸ್ತಿ ಇರುವುದರಿಂದ, ವಯಸ್ಕರ ಚರ್ಮದ ಪದರವನ್ನು ಸಡಿಲಿಸುತ್ತದೆ. ಡಿಸೆಂಬರ್-ಜನವರಿಯ ಒಣಗಾಳಿಗೆ ನಿಮ್ಮ ಒಣ ಚರ್ಮಕ್ಕೆ ಕುಸುಬಿ ಎಣ್ಣೆ ಹಚ್ಚುವುದಾದರೆ ಗಾಣದಿಂದ ತಂದ ತಾಜಾ ಎಣ್ಣೆ, ಸ್ನಾನವಾದ ಕೂಡಲೆ ಮೈ ಇನ್ನೂ ಹಸಿಯಿರುವಾಗ, ಎರಡೂ ಕಾಲಿಗೆ ಸೇರಿ ಒಂದು ಟೀ ಚಮಚ. ಮೊದಲು ಮುಂಗೈ ಒಳಭಾಗದಲ್ಲಿ ಎರಡು ದಿನ ಹಚ್ಚಿ ನೋಡಿ. ಕರಿದು ಉಳಿದ ಎಣ್ಣೆ, ಬಿಸಿಲಲ್ಲಿ ತೆರೆದಿಟ್ಟ ಡಬ್ಬಿಯ ಎಣ್ಣೆ ಬೇಡ: ಲಿನೊಲೆಯಿಕ್ ಬೇಗ ಆಕ್ಸಿಡೀಕರಣಗೊಂಡು ಕಮಟು ಬರುತ್ತದೆ, ಆ ಅಣುಗಳು ಚರ್ಮವನ್ನು ಕೆರಳಿಸುತ್ತವೆ. ಹಿಮ್ಮಡಿ ಬಿರುಕಿಗೆ ಹಚ್ಚುವ ಮುರುಗಲ ತುಪ್ಪದಲ್ಲಿ ಇರುವುದು ಹೆಚ್ಚಾಗಿ ಸ್ಟಿಯರಿಕ್ ಮತ್ತು ಓಲಿಯಿಕ್ ಆಮ್ಲ. ಅದು ಮೇಲೆ ಮುಚ್ಚಿ ನೀರು ಹಿಡಿಯುತ್ತದೆ, ಆ ಕೆಲಸಕ್ಕೆ ಒಳ್ಳೆಯದೇ. ಯಾವ ಎಣ್ಣೆಯನ್ನೂ ತಂದೆಯವರ ಗಾಯದ ಒಳಗೆ ಅಥವಾ ಬೆರಳ ಸಂದಿಗೆ ಹಚ್ಚಬಾರದು, ಸಂದಿಯಲ್ಲಿ ಒದ್ದೆ ನಿಂತು ಶಿಲೀಂಧ್ರ ಬೆಳೆಯುತ್ತದೆ. ಅವರ ಪಾದದ ಉಳಿದ ಭಾಗಕ್ಕೆ ಹಚ್ಚಬಹುದು.

ಉಳಿದದ್ದು ಮೊಬೈಲಿನ ಸೀರಮ್. ಇಜಿಎಫ್ ತೂಕ ಸುಮಾರು 6000 ಡಾಲ್ಟನ್ (ಡಾಲ್ಟನ್ ಎಂದರೆ ಅಣುವಿನ ತೂಕದ ಅಳತೆ). ಅಖಂಡ ಚರ್ಮವನ್ನು ಚೆನ್ನಾಗಿ ದಾಟುವುದು ಸಾಮಾನ್ಯವಾಗಿ 500 ಡಾಲ್ಟನ್‌ಗಿಂತ ಚಿಕ್ಕ ಅಣುಗಳು. ಹಾಗಾಗಿ ಗಾಯವಿಲ್ಲದ ಮುಖಕ್ಕೆ ಹಚ್ಚಿದ್ದು ಬಹುಪಾಲು ಮೇಲೆಯೇ ಉಳಿಯುತ್ತದೆ. 'ಒಳಗೆ ಇಳಿಯಲಿ' ಎಂದು ಸೂಜಿಯ ರೋಲರ್ ಜೊತೆ ಮಾರುವುದನ್ನು ನೀವಂತೂ ಮುಟ್ಟಬೇಡಿ. ಸೋರಿಯಾಸಿಸ್ ಇರುವವರಲ್ಲಿ ಚರ್ಮಕ್ಕೆ ಗೀರು ಬಿದ್ದ ಕಡೆಯೆಲ್ಲ ಒಂದೆರಡು ವಾರದಲ್ಲಿ ಹೊಸ ಕಲೆ ಏಳಬಹುದು, ರೋಲರ್ ಉರುಳಿದ ಗೆರೆಯ ಉದ್ದಕ್ಕೂ.